ವಾಸುಮಾವನ ಹಗುರ ಕಾರು

ಇವತ್ತು ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿದ್ದ ತೆಂಗಿನೆಣ್ಣೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿತ್ತು. ಮದರಾಸಿನಲ್ಲಿ ಚಳಿ ಬಂತೆನ್ನುವುದಕ್ಕೆ ನಂಬಬಹುದಾದ ಸಾಕ್ಷಿ ಇದೊಂದೇ. ಉಳಿದದ್ದೆಲ್ಲ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೋಗುವವರ ಆಡಂಬರ. ಬಾಟಲಿಯನ್ನು ಬುಡಮೇಲು ಮಾಡಿದೆ. ಒಂದು ತೊಟ್ಟೂ ಇಳಿಯಲಿಲ್ಲ. ಆಗಲೇ ನನ್ನ ಬಲಗಾಲು ನನ್ನನ್ನು ಕೇಳದೆ ಬಚ್ಚಲ ನೆಲವನ್ನು ಬಲವಾಗಿ ಒತ್ತಿತು.

"ಎಂತಾಯ್ತು? ಜಾರಿತಾ?" ಎಂದು ಹೊರಗಿನಿಂದ ಹೆಂಡತಿ ಕೇಳಿದಳು.

ಜಾರಿರಲಿಲ್ಲ. ಬ್ರೇಕು ಹಾಕಿದ್ದೆ. ಅರುವತ್ತರ ದಶಕದ ಮೊದಲಿಗೆ ಒಂದು ಮುಂಜಾನೆ ಹಾಕಲು ಶುರುಮಾಡಿದ ಬ್ರೇಕು ಅದು, ಈವರೆಗೂ ಹಿಡಿದಿಲ್ಲ. ಎಣ್ಣೆ ಗಟ್ಟಿಯಾದರೆ ಕಾಲೇಕೆ ಒತ್ತಬೇಕು ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ, ಕೂತುಕೊಳ್ಳಿ. ನೀವು ಕೂತಿರುವ ಕುರ್ಚಿಗೆ ಚಕ್ರವಿಲ್ಲ ತಾನೇ?

ನನ್ನ ಸೋದರಮಾವ ವಾಸುಮಾವನಿಗೆ ಮದರಾಸಿನ ತಿರುವಲ್ಲಿಕೇಣಿಯಲ್ಲಿ ಹೋಟೆಲಿತ್ತು. ಉಡುಪಿಯ ಕಡೆಯಿಂದ ಬಂದವರ ಹೋಟೆಲುಗಳಂತೆ ಅದೂ ಒಂದು: ಕೆಳಗೆ ಸಾಂಬಾರಿನ ಹಬೆ, ಮೇಲೆ ಮನೆ. ಕಾಲೇಜು ಓದಲು ಊರಿನಿಂದ ಬಂದ ನಾನು ಆ ಹಬೆಯಲ್ಲೇ ಬೆಂದು ಬಿ.ಎ. ಆದೆ. ನನ್ನ ವಿಷಯ ತರ್ಕಶಾಸ್ತ್ರ. ಅದು ಆ ಮನೆಯಲ್ಲಿ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ.

ಚಹದ ಕಂಪೆನಿಯ ಒಬ್ಬ ಇಂಗ್ಲಿಷ್ ದೊರೆ ಊರಿಗೆ ಮರಳುವಾಗ ತನ್ನ ಸಾಮಾನು ಹರಾಜು ಹಾಕಿದ. ಹೋಟೆಲಿಗೆ ಪಿಂಗಾಣಿ ತರಲು ಹೋದ ಮಾವ, ಮೊಳೆ ಕಿತ್ತಿರದ ಮೂರು ಮರದ ಪೆಟ್ಟಿಗೆಗಳೊಂದಿಗೆ ಮರಳಿದ. ಒಳಗೆ ಕೊಳವೆ ಕೊಳವೆಯಾಗಿ ಬೆಸೆದ ಒಂದು ಚೌಕಟ್ಟು, ಚಕ್ರಗಳು, ಫೈಬರಿನ ಒಂದು ಮೂತಿ. ಮನೆಯಲ್ಲೇ ಜೋಡಿಸಿಕೊಳ್ಳಬೇಕಾದ ರೇಸಿನ ಕಾರು ಅದು. ಇಬ್ಬರಿಗಷ್ಟೇ ಜಾಗ, ತಲೆಯ ಮೇಲೆ ಆಕಾಶ.

"ಇದರ ಗುಟ್ಟು ಇಂಜಿನಿನಲ್ಲಿಲ್ಲ ಅಳಿಯಾ, ತೂಕದಲ್ಲುಂಟು," ಎಂದ ಮಾವ. "ಹಗುರ ಆದಷ್ಟೂ ಓಡ್ತದೆ. ನಮ್ಮ ಇಡ್ಲಿಯ ಹಾಗೆ."

ಅಂದಿನಿಂದ ಹೋಟೆಲಿನ ತಕ್ಕಡಿಗೆ ಅಕ್ಕಿ ಬೇಳೆಯ ಯೋಗ ತಪ್ಪಿತು. ಪ್ರತಿ ಬೋಲ್ಟನ್ನೂ ಮಾವ ತೂಗುತ್ತಿದ್ದ. ಹಳೆಯ ಕಾರೊಂದರ ಇಂಜಿನನ್ನು ಪೆರಂಬೂರಿನ ಫಿಟ್ಟರ್ ಪೆರುಮಾಳ್ ಕೂರಿಸಿಕೊಟ್ಟ. ಮೈಯ ತಗಡನ್ನು ಬಡಿದವನು ನಮಗೆ ಇಡ್ಲಿಪಾತ್ರೆ ಮಾಡಿಕೊಡುತ್ತಿದ್ದವನೇ. ಹಾಗಾಗಿ ಕಾರಿನ ಹಿಂಭಾಗ ನೋಡಿದವರಿಗೆಲ್ಲ ಹಸಿವಾಗುತ್ತಿತ್ತು. ಸೀಟಿಗೆ ಬೆತ್ತ ಹೆಣೆಸಿದ. ಮುಂದಿನ ಗಾಜು ಭಾರವೆಂದು ಕಿತ್ತಿಟ್ಟ. ಕೊನೆಗೆ ಹೋಟೆಲಿನ ಸಪ್ಲೈಯರುಗಳು ಏಳೆಂಟು ಜನ ಸೇರಿದರೆ ಕಾರನ್ನು ಎತ್ತಿ ಗಲ್ಲಿಯಲ್ಲಿ ತಿರುಗಿಸಿಡುವಷ್ಟು ಹಗುರವಾಯಿತು.

ಇಷ್ಟೆಲ್ಲ ಶಾರದತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ರಸ್ತೆಯಲ್ಲಿ ಒಮ್ಮೆ ಹೋಗಬೇಕೆಂಬ ಆಸೆಗೆ. ಮದುವೆಯಾದ ಮೇಲೆ ಅವರಿಬ್ಬರೂ ಜೊತೆಯಾಗಿ ಹೊರಗೆ ಹೋದದ್ದು ತರಕಾರಿ ಮಾರ್ಕೆಟ್ಟಿಗೆ ಮಾತ್ರ. ಆದರೆ ಅತ್ತೆ ಒಪ್ಪಬೇಕಲ್ಲ!

"ಅದು ಕಾರಾ? ಕಾಲು ಬಂದ ಬಚ್ಚಲು," ಎಂದಳು. "ಬಾಗಿಲೇ ಇಲ್ಲ. ಸೀರೆ ಉಟ್ಟವಳು ಹತ್ತುದು ಹೇಗೆ? ಬೇಲಿ ಹಾರಿದ ಹಾಗೆ?"

ಮಾವ ಇಡ್ಲಿಪಾತ್ರೆಯವನನ್ನು ಮತ್ತೆ ಕರೆಸಿ, ಎಡಬದಿಯ ತಗಡು ಕತ್ತರಿಸಿ, ತಿರುಗಣಿ ಚಿಲಕಗಳ ಸಮೇತ ಒಂದು ಪುಟ್ಟ ಬಾಗಿಲು ಇಡಿಸಿದ. ಬಾಗಿಲಿನಿಂದ ತೂಕ ಏರಿತು. ಅದನ್ನು ಸರಿದೂಗಿಸದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ. ಅಷ್ಟೇ ತೂಕದ ಏನನ್ನು ಕಳೆಯಬಹುದೆಂದು ಹುಡುಕಿ, ಕೈಬ್ರೇಕನ್ನು ಬುಡಸಹಿತ ಬಿಚ್ಚಿದ. "ಕಾಲಿನದು ಉಂಟಲ್ಲ. ಒಂದೇ ಕೆಲಸಕ್ಕೆ ಇಬ್ಬರು ಅಡಿಗೆಯವರು ಯಾಕೆ?"

ಕಾಲಿನ ಬ್ರೇಕಿನ ಕಥೆ ಬೇರೆಯೇ. ಅದರ ಕೊಳವೆಯಲ್ಲಿ ತುಂಬುವ ಎಣ್ಣೆ ಆಗ ಸಿಗುತ್ತಿರಲಿಲ್ಲ. ಪೆರುಮಾಳ್ ಎಚ್ಚರಿಸಿದ್ದ: ಇಂಜಿನ್ ಎಣ್ಣೆ ಹಾಕಬಾರದು, ರಬ್ಬರು ಕೆಡುತ್ತದೆ, ಹರಳೆಣ್ಣೆಯಂಥ ಗಿಡದೆಣ್ಣೆಯಿಂದ ಮಾಡಿದ್ದೇ ಆಗಬೇಕು. ಮಾವ ಅದರಲ್ಲಿ ಕೇಳಿಸಿಕೊಂಡದ್ದು ಗಿಡದೆಣ್ಣೆ ಎಂಬುದನ್ನಷ್ಟೆ. "ಹರಳೆಣ್ಣೆ ಭೇದಿಗಾಯ್ತು," ಎಂದು ಮುಖ ಕಿವಿಚಿ, ಊರಿನಿಂದ ಡಬ್ಬಿಯಲ್ಲಿ ಬರುತ್ತಿದ್ದ ಗಾಣದ ತೆಂಗಿನೆಣ್ಣೆಯನ್ನು ತಾನೇ ಸೋಸಿ ತುಂಬಿಸಿದ. ಬೇಸಿಗೆಯಿಡೀ ಬ್ರೇಕು ಬೆಣ್ಣೆಯಂತೆ ಹಿಡಿಯಿತು. ಅವನ ನಂಬಿಕೆ ಬಂಡೆಯಾಯಿತು. ಎಣ್ಣೆಯೂ ಹಾಗಾಗಬಹುದೆಂದು ತರ್ಕಶಾಸ್ತ್ರ ಓದಿದವನಿಗೂ ಹೊಳೆಯಲಿಲ್ಲ.

ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಒಂದು ಸಂಜೆ ಅತ್ತೆ ಕೊನೆಯ ಮಾತು ಹೇಳಿದಳು. "ಮೊದಲು ಇವನನ್ನು ಕೂರಿಸಿ ರಾಯಪುರಂವರೆಗೆ ಹೋಗಿ ಬನ್ನಿ. ಇವನು ಇಡಿಯಾಗಿ ವಾಪಸು ಬಂದ್ರೆ ನಾನು ಕೂತುಕೊಳ್ತೇನೆ. ಇಲ್ಲದಿದ್ರೆ ಆ ತಗಡು ಗುಜರಿಗೆ."

"ಅತ್ತೆ, ನನಗೇನಾದರೂ ಆದರೆ?"

"ನಿನಗೆ ಹೆಂಡ್ತಿ ಮಕ್ಕಳು ಯಾರಿದ್ದಾರೆ ಮಾರಾಯಾ?"

ಮರುದಿನ ಬೆಳಕು ಹರಿಯುವ ಮೊದಲೇ ಸಪ್ಲೈಯರುಗಳು ಕಾರನ್ನು ಸಮುದ್ರದ ರಸ್ತೆಯವರೆಗೆ ತಳ್ಳಿ ಬಿಟ್ಟರು. ದಾರಿ ಖಾಲಿ. ಎದುರು ಬಂದ ತಂಗಾಳಿಗೆ ಮಾವನ ಜುಟ್ಟು ನಿಮಿರಿ ನಿಂತಿತ್ತು. ನನ್ನ ಕುಂಡೆಗೂ ರಸ್ತೆಗೂ ನಡುವೆ ಇದ್ದದ್ದು ಬೆತ್ತ ಮತ್ತು ಭಗವಂತ. ಬಂದರಿನ ಗೋಡೆ ದಾಟಿ ರಾಯಪುರಂ ಹತ್ತಿರವಾಗುವ ತನಕ ಬ್ರೇಕು ಒತ್ತುವ ಸಂದರ್ಭವೇ ಬರಲಿಲ್ಲ. ಆಮೇಲೆ ಬಂತು. ಬಂದರಿಗೆ ಹೋಗುವ ಗೂಡ್ಸ್ ಹಳಿಯ ಗೇಟು ನಮ್ಮೆದುರು ನಿಧಾನವಾಗಿ ಕೆಳಗಿಳಿಯುತ್ತಿತ್ತು.

ಮಾವ ಬ್ರೇಕು ಒತ್ತಿದ. ಪೆಡಲು ಅಲುಗಲಿಲ್ಲ.

"ಕಲ್ಲಾಗಿದೆ!" ಎಂದ.

"ಯಾವುದು?"

"ಬ್ರೇಕು! ಬ್ರೇಕು ಕಲ್ಲಾಗಿದೆ ಮಾರಾಯಾ!"

ಗೇರು ಇಳಿಸಬೇಕಿತ್ತು ಎಂಬುದು ಆಮೇಲೆ ಎಲ್ಲರೂ ಹೇಳಿದ ಬುದ್ಧಿಮಾತು. ಆ ಗಳಿಗೆಯಲ್ಲಿ ಮಾವ ಎರಡೂ ಕಾಲನ್ನು ಪೆಡಲಿನ ಮೇಲಿಟ್ಟು ನಿಂತೇಬಿಟ್ಟಿದ್ದ. ನಾನು ನನ್ನೆದುರು ಇರದ ಪೆಡಲನ್ನು ಒತ್ತುತ್ತಿದ್ದೆ. ಬಲಗಡೆಯಿಂದ ರೈಲಿನ ಇಂಜಿನಿನ ಸಿಳ್ಳು. ಗೇಟಿನ ಕೆಂಪುಬಿಳುಪು ದೂಲ ನಮ್ಮ ಕುತ್ತಿಗೆಯ ಎತ್ತರಕ್ಕೆ ಸರಿಯಾಗಿ ಬಂದು ನಿಂತಿತು.

"ಬಗ್ಗು!"

ಬಗ್ಗಿದೆವು. ದೂಲ ನನ್ನ ಬೆನ್ನಿನ ಮೇಲೆ ಗಾಳಿ ಸವರಿ ಹೋಯಿತು. ಗಾಜು ಇದ್ದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಹಳಿಗಳ ಮೇಲೆ ಕಾರು ಎರಡು ಸಲ ನೆಗೆಯಿತು. ತಲೆ ಎತ್ತಿದವನಿಗೆ ಕಂಡದ್ದು ಇಂಜಿನಿನ ಒಂಟಿ ದೀಪ, ಅದರ ಬೆಳಕಿನಲ್ಲಿ ಮಾವನ ಕಿವಿಯೊಳಗಿನ ಕೂದಲು. ಇಂದಿಗೂ ಕಣ್ಣು ಮುಚ್ಚಿದರೆ ಆ ಕೂದಲನ್ನು ಎಣಿಸಬಲ್ಲೆ. ಮತ್ತೆ ಬಗ್ಗಿದೆವು. ಆಚೆಯ ಗೇಟೂ ತಲೆಯ ಮೇಲೆ ದಾಟಿತು. ಹಿಂದೆ ಗಾಡಿ ಗಡಗಡಿಸಿತು. ಅದಕ್ಕಿಂತ ಜೋರಾಗಿ ಗೇಟಿನವನು, "ಯೋವ್! ಸಾವುಗಿರಾಕಿ!" ಎಂದು ಅರಚಿದ.

ಕಾರು ರಸ್ತೆ ಬಿಟ್ಟು, ಮೀನುಗಾರರ ದಂಡೆಯ ಮರಳಿಗಿಳಿದು, ಚಾಪೆ ಮುಚ್ಚಿದ್ದ ಒಂದು ರಾಶಿಗೆ ಮೂತಿ ಹೊಗಿಸಿ ನಿಂತಿತು. ಮೆತ್ತನೆಯ ರಾಶಿ. ಒಣಮೀನು. ಮಾವನ ಮಡಿಲಿನಲ್ಲಿ, ಜುಟ್ಟಿನಲ್ಲಿ, ನನ್ನ ಕಿಸೆಯಲ್ಲೂ ಒಣಮೀನು. ಗುಡಿಸಲಿನಿಂದ ಹೊರಬಂದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ಮಾವನ ಹಣೆಯ ನಾಮವನ್ನು ಮೇಲಿಂದ ಕೆಳಗೆ ಓದಿದಳು.

"ಇನ್ನಾ ಐರೇ, ಕಾಲೈಲಯೇ ಕರುವಾಡು ವಾಂಗ ವಂತುಟ್ಟಿಯಾ?"

ಏನು ಭಟ್ಟರೇ, ಬೆಳಬೆಳಗ್ಗೆಯೇ ಒಣಮೀನು ಕೊಳ್ಳಲು ಬಂದೆಯಾ ಎಂದು. ಮಾವ ಕೈಮುಗಿದು, ಅವಳ ಮನೆಮಂದಿಯನ್ನೆಲ್ಲ ಹೋಟೆಲಿಗೆ ತಿಂಡಿಗೆ ಕರೆದ. ಆ ಮೇಲೆ ಬಹಳ ಹೊತ್ತು ನಾವಿಬ್ಬರೂ ಮರಳಿನ ಮೇಲೆ ಕೂತೆವು. ಸಮುದ್ರದಿಂದ ಸೂರ್ಯ ಎದ್ದು ಮೇಲೇರಿ ಕಾರಿನ ತಗಡು ಬಿಸಿಯಾಯಿತು. ಮಾವ ಹೋಗಿ ಸುಮ್ಮನೆ ಪೆಡಲು ಒತ್ತಿದ. ಮೆತ್ತಗೆ ಇಳಿಯಿತು.

"ನೋಡು! ಸರಿಯಾಗಿಯೇ ಉಂಟು!" ಎಂದ. ಅವನ ಮುಖದ ಸಂತೋಷ ಕಂಡು ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಮರಳುವಾಗ ಬ್ರೇಕು ಎಲ್ಲೆಡೆಯೂ ಹಿಡಿಯಿತು. ಅತ್ತೆ ಹೋಟೆಲಿನ ಹಿತ್ತಲಲ್ಲಿ ಕಾಯುತ್ತಿದ್ದಳು.

"ಇಡಿಯಾಗಿ ತಂದಿದ್ದೇನೆ," ಎಂದ ಮಾವ.

ಅತ್ತೆ ಮೂಗಿಗೆ ಸೆರಗು ಹಿಡಿದು ನನ್ನನ್ನು ಸುತ್ತಿ ನೋಡಿದಳು. "ನೀನು ಹೇಳು."

ಗೇಟು, ರೈಲು, ಮೀನು, ಕಲ್ಲು ಎಂದಷ್ಟೇ ಹೇಳಿದೆ. ಬಿಸಿಲೇರಿದ ಮೇಲೆ ಸರಿಯಾಯಿತು ಎಂದು ಮಾವ ಸೇರಿಸಿದ. ಅತ್ತೆಯ ಹುಬ್ಬು ಗಂಟಾಯಿತು.

"ಅದಕ್ಕೆ ಎಂತ ಎಣ್ಣೆ ಹಾಕಿದ್ದು ನೀವು?"

"ನಮ್ಮ ಊರಿನ ತೆಂಗಿನೆಣ್ಣೆ. ಗಾಣದ್ದು," ಎಂದ ಮಾವ ಹೆಮ್ಮೆಯಿಂದ.

ಅತ್ತೆ ಒರಳಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ನಕ್ಕಳು, ನಗುತ್ತ ನಗುತ್ತ ಅಳುವಂತಾಯಿತು. "ಈ ತಿಂಗಳಿಡೀ ಬೆಳಿಗ್ಗೆ ಎದ್ದು ಆ ಡಬ್ಬಿಯನ್ನು ಒಲೆಯ ಹತ್ತಿರ ಇಟ್ಟು ಕರಗಿಸ್ತಿದ್ದೇನೆ. ನಿಮಗೆ ಕಾಣಲಿಲ್ವಾ?" ಥಟ್ಟನೆ ನಿಲ್ಲಿಸಿ ಕೇಳಿದಳು, "ಕೈಯಲ್ಲಿ ಎಳೆಯುವ ಬ್ರೇಕು ಒಂದು ಇತ್ತಲ್ಲ?"

ಮಾವ ನೆಲ ನೋಡಿದ. "ನಿನ್ನ ಬಾಗಿಲಿನ ತೂಕಕ್ಕೆ ಅದನ್ನು ತೆಗ್ದೆ."

ಅತ್ತೆ ಎದ್ದು ಒಳಗೆ ಹೋದಳು. ಕಾರು ಗುಜರಿಗೆ ಎಂದು ನಾನು ಖಾತ್ರಿ ಮಾಡಿಕೊಂಡೆ. ಮಾವನೂ ಹಾಗೇ ತಿಳಿದು, ಮೂತಿಯಲ್ಲಿ ಸಿಕ್ಕಿಕೊಂಡ ಮೀನುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ.

ನಡುಮಧ್ಯಾಹ್ನ ಅವಳು ಹೊರಗೆ ಬಂದಳು. ತಲೆಗೆ ಮಿಂದು, ಒದ್ದೆ ಕೂದಲನ್ನು ಬೆನ್ನಿಗೆ ಹರಡಿಕೊಂಡಿದ್ದಳು. ಪುಟ್ಟ ಬಾಗಿಲಿನ ಚಿಲಕ ತಾನೇ ತೆಗೆದು, ಸೀರೆ ಒತ್ತರಿಸಿ ಒಳಗೆ ಕೂತಳು.

"ಹೋಗುವ. ಬಿಸಿಲುಂಟು, ನಿಮ್ಮ ಎಣ್ಣೆ ಕರಗಿರ್ತದೆ. ಮಾತಂದ್ರೆ ಮಾತು, ಹುಡುಗ ಇಡಿಯಾಗಿಯೇ ಬಂದಿದ್ದಾನೆ."

"ಅತ್ತೆ, ಬೇಡ!" ಎಂದು ನಾನು ಗಲ್ಲಿಯ ತುದಿಯವರೆಗೆ ಓಡಿದೆ. ಅವರು ನಿಲ್ಲಲಿಲ್ಲ. ಸಮುದ್ರದ ರಸ್ತೆಗೆ ಒಂದು ಸುತ್ತು ಹಾಕಿ ಬಂದು, ಇಳಿದು, ಕೂದಲಿಗೆ ಬೆರಳು ಹಾಯಿಸಿ ಅತ್ತೆ ತೀರ್ಪು ಕೊಟ್ಟಳು: "ಒಣಗಿತು." ಪೆರುಮಾಳ್ ಕೊಳವೆಗಳನ್ನು ತೊಳೆದು, ಎಲ್ಲಿಂದಲೋ ದೊರಕಿಸಿದ ಸರಿಯಾದ ಎಣ್ಣೆ ತುಂಬಿ, ಕೈಬ್ರೇಕು ಮರಳಿ ಕೂರಿಸಿದ. ಮುಂದೆ ಎಷ್ಟೋ ವರ್ಷ, ಆ ಕಾರು ಮಾರುವವರೆಗೂ, ಅವಳು ತಲೆಗೆ ಮಿಂದ ದಿನ ಮಾವ ಗಲ್ಲಾಪೆಟ್ಟಿಗೆ ನನಗೊಪ್ಪಿಸಿ ಹೊರಡುತ್ತಿದ್ದ. ಇಂಗ್ಲಿಷ್ ದೊರೆಯ ರೇಸಿನ ಕಾರು ಕೂದಲು ಒಣಗಿಸುವ ಯಂತ್ರವಾಗಿ ಬಾಳಿತು.

ಇಷ್ಟು ವರ್ಷವೂ ನನ್ನ ಮನಸ್ಸಿನ ಓಟ ಆ ಗೇಟಿನಡಿಗೆ ಬಂದು ನಿಂತುಬಿಡುತ್ತಿತ್ತು. ದೂಲ ಇಳಿಯುತ್ತದೆ, ಕಾಲು ಒತ್ತುತ್ತೇನೆ, ಮತ್ತೆ ಮೊದಲಿನಿಂದ. ಇವತ್ತು ನಿಮಗೆ ಹೇಳಬೇಕಾಗಿ ಬಂದದ್ದರಿಂದ ಗೇಟು ದಾಟಿ ಮಧ್ಯಾಹ್ನದವರೆಗೆ ಬಂದೆ. ಗಲ್ಲಿಯ ತುದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದೇನೆ. ದೂರದಲ್ಲಿ ಇಡ್ಲಿಪಾತ್ರೆಯಂಥ ಬೆನ್ನಿನ ಕಾರೊಂದು ಹೋಗುತ್ತಿದೆ. ಅದರ ಮೇಲೆ ಅತ್ತೆಯ ಕೂದಲು ಉದ್ದಕ್ಕೆ, ಕಪ್ಪಗೆ, ಗಾಳಿಯಲ್ಲಿ ಹಾರುತ್ತಿದೆ. ಅಷ್ಟು ದೂರಕ್ಕೂ ಅವಳ ನಗು ಕೇಳುತ್ತಿದೆ.