ಪಟ್ಟಿಯಕ್ಕನ ಸಪಾಟು ಪಟ್ಟಿ

ಆ ಕಚೇರಿಯಲ್ಲಿ ಎಲ್ಲವೂ ಒಂದರೊಳಗೊಂದು. ಬೀರುವಿನೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಟ್ಟು, ಕಟ್ಟಿನೊಳಗೆ ಕಡತ. ಇಲಾಖೆಯೊಳಗೆ ವಿಭಾಗ, ವಿಭಾಗದೊಳಗೆ ಉಪವಿಭಾಗ, ಅದಕ್ಕೊಬ್ಬ ಮುಖ್ಯಸ್ಥ, ಅವನ ಕೈಕೆಳಗೆ ಆಕಳಿಸುವ ನಾಲ್ಕು ಜನ. ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿದವಳು ಪಟ್ಟಿಯಕ್ಕ. ಹದಿನೆಂಟು ವರ್ಷದಿಂದ ಯಾರು ಯಾವ ಪಟ್ಟಿ ಕೇಳಿದರೂ ಇಲ್ಲವೆನ್ನದೆ ಕೊಟ್ಟದ್ದಕ್ಕೆ ಅಂಟಿದ ಹೆಸರು ಅದು. ಹೇಳಿಕೊಳ್ಳಲು ಅವಳೂ ಒಬ್ಬ ಮುಖ್ಯಸ್ಥೆ, ಕಂಪ್ಯೂಟರ್ ವಿಭಾಗಕ್ಕೆ. ಇದ್ದ ಒಬ್ಬ ಸಹಾಯಕ ನಿವೃತ್ತನಾದ ಮೇಲೆ ಆ ವಿಭಾಗದಲ್ಲಿ ಅವಳು ಮತ್ತು ಒಂದು ಫ್ಯಾನು.

ಕಚೇರಿ ಎದುರಿನ ಹೊಸ ಕಟ್ಟಡಕ್ಕೆ ಹೋಗುವುದೆಂದಾಯಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಅಲ್ಲಿ ಕುರ್ಚಿ. ಇಲ್ಲದವರು ಹೆಚ್ಚುವರಿ, ಆರು ಗಂಟೆ ಬಸ್ಸಿನ ದೂರದ ಶಾಖೆಗೆ ವರ್ಗ. ಪಟ್ಟಿಯಕ್ಕನ ಅಮ್ಮ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಎರಡು ಬೀದಿ ಆಚೆಯ ಮನೆಗೆ ಮಧ್ಯಾಹ್ನ ಓಡಿಹೋಗಿ ಅವರಿಗೆ ಉಣಿಸಿ ಬರಲು ಇವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ವರ್ಗವಾದರೆ ಆ ಊಟವೇ ನಿಲ್ಲುತ್ತಿತ್ತು.

“ಈ ಒಳಗೆ ಒಳಗೆ ಎಲ್ಲಾ ಬೇಡಮ್ಮ. ಎಲ್ರನ್ನೂ ಸಪಾಟಾಗಿ ಒಂದೇ ಪಟ್ಟಿಗೆ ತನ್ನಿ. ಹೆಸರು, ಪಕ್ಕದಲ್ಲಿ ವಿಭಾಗ, ಅಷ್ಟೇ,” ಎಂದರು ಕಚೇರಿಯ ದೊಡ್ಡ ಸಾಹೇಬರು.

ಪಟ್ಟಿಯಕ್ಕ ಪ್ರೋಗ್ರಾಮ್ ಬರೆದಳು. ಪ್ರತಿ ವಿಭಾಗದ ಬಾಗಿಲು ತಟ್ಟು, ಒಳಗಿನ ಸದಸ್ಯರನ್ನು ಹೊರಗೆ ಕರೆ, ಒಂದೇ ಸಾಲಿನಲ್ಲಿ ನಿಲ್ಲಿಸು. ಇನ್ನೂರ ಹನ್ನೆರಡು ಹೆಸರು ಬಂದವು. ಸಾಹೇಬರು ತಮ್ಮ ಹೆಸರನ್ನು ಮೇಲಿನಿಂದ ಹುಡುಕಿದರು, ಕೆಳಗಿನಿಂದ ಹುಡುಕಿದರು. ಇರಲಿಲ್ಲ. ಯಾವ ಮುಖ್ಯಸ್ಥನದೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಮುಖ್ಯಸ್ಥರು ವಿಭಾಗದ ತಲೆಬರಹದಲ್ಲಿದ್ದರೇ ಹೊರತು ಸದಸ್ಯರ ನಡುವೆ ಇರಲಿಲ್ಲ. ಸದಸ್ಯರ ಜೊತೆ ಸೇರಿಸಿದರೆ ಮರ್ಯಾದೆಗೆ ಕುಂದು ಎಂದು ಹಿಂದೊಮ್ಮೆ ರಂಪ ಮಾಡಿದವರೂ ಅವರೇ.

“ಹಾಗಾದ್ರೆ ಈಗ ನಿಮ್ಮನ್ನೂ ಈ ಸಾಲಿಗೇ ಸೇರಿಸ್ಲಾ ಸಾರ್?”

“ಅಟೆಂಡರ್ ಪಕ್ಕದಲ್ಲಾ? ನಮಗೆ ಬೇರೆ ಪಟ್ಟಿ ಮಾಡಿ. ಸುಮ್ನೆ ಹೆಸರಿಗೆ ಮುಖ್ಯಸ್ಥರಾದವರು ಬೇಡ. ಕೈಕೆಳಗೆ ಒಬ್ರಾದ್ರೂ ಇರ್ಬೇಕು.”

ಅವಳ ವಿಭಾಗ ಖಾಲಿ ಎಂಬುದು ಸಾಹೇಬರಿಗೆ ನೆನಪಿರಲಿಲ್ಲ. ಅಂಥದೊಂದು ವಿಭಾಗ ಇದೆ ಎಂಬುದೇ ನೆನಪಿರಲಿಲ್ಲ. ಆ ಷರತ್ತನ್ನು ಅವಳೇ ಕೈಯಾರೆ ಬರೆದಳು: ಸದಸ್ಯರ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ. ಗುಂಡಿ ಒತ್ತಿದಳು. ಹದಿನಾಲ್ಕು ಮಂದಿ ಮುಖ್ಯಸ್ಥರು ಬಂದರು, ಅವಳು ಬರಲಿಲ್ಲ. ಇಡೀ ಕಚೇರಿಯನ್ನು ಸಾಲಾಗಿ ನಿಲ್ಲಿಸಿದವಳಿಗೇ ನಿಲ್ಲಲು ಜಾಗವಿಲ್ಲ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಮೂಗೊರೆಸಿಕೊಂಡು ಬೀರು ಖಾಲಿ ಮಾಡತೊಡಗಿದಾಗ, ತಳದ ಪೆಟ್ಟಿಗೆಯ ತಳದ ಕಟ್ಟಿನಲ್ಲಿ ಹಳೆಯ ಅರ್ಜಿಯೊಂದು ಸಿಕ್ಕಿತು. ಆರು ವರ್ಷದ ಹಿಂದೆ, ಬಡ್ತಿಗೆ ಕಂಪ್ಯೂಟರ್ ತರಬೇತಿ ಕಡ್ಡಾಯವಾದಾಗ ಸಾಹೇಬರೇ ಬರೆದದ್ದು: ತರಬೇತಿ ಮುಗಿಯುವವರೆಗೆ ಕಂಪ್ಯೂಟರ್ ವಿಭಾಗದ ಸದಸ್ಯನಾಗಿರಲು ಒಪ್ಪಿದ್ದೇನೆ. ಕೆಳಗೆ ದೊಡ್ಡ ಸಹಿ. ಅರ್ಜಿಯ ಪ್ರತಿ ತೋರಿಸಿ ಬಡ್ತಿ ಪಡೆದವರು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅವಳೂ ಆ ಹೆಸರನ್ನು ಕಂಪ್ಯೂಟರಿಗೆ ಏರಿಸಿರಲಿಲ್ಲ. ಈಗ ಏರಿಸಿದಳು. ಎರಡೂ ಪಟ್ಟಿಗಳನ್ನು ಮತ್ತೆ ತೆಗೆದಳು. ಈ ಸಲ ಮುಖ್ಯಸ್ಥರು ಹದಿನೈದು ಮಂದಿ, ಕೊನೆಯವಳು ಅವಳೇ. ಮುಖ್ಯಸ್ಥರ ಪಟ್ಟಿಯಲ್ಲಿ ತಮ್ಮದೇ ಮೊದಲ ಹೆಸರು ಎಂಬುದನ್ನು ನೋಡಿದ ಸಾಹೇಬರು, ಉಳಿದದ್ದನ್ನು ಓದದೆ ಸಹಿ ಹಾಕಿದರು.

ಹೊಸ ಕಟ್ಟಡದಲ್ಲಿ ಅಟೆಂಡರ್ ಪಟ್ಟಿ ಹಿಡಿದು ಕುರ್ಚಿ ಹಾಕಿದ. ಸಾಹೇಬರ ಹೆಸರು ಎರಡು ಕಡೆ ಇತ್ತು, ಎರಡು ಕುರ್ಚಿ ಹಾಕಿದ. ದೊಡ್ಡ ಕೋಣೆಯಲ್ಲಿ ಮೆತ್ತನೆಯದೊಂದು, ಕಂಪ್ಯೂಟರ್ ವಿಭಾಗದಲ್ಲಿ ಪಟ್ಟಿಯಕ್ಕನ ಎದುರಿಗೆ ಕೈಯಿಲ್ಲದ ಮರದ್ದೊಂದು. ಸುದ್ದಿ ತಿಳಿದು ಸಾಹೇಬರು ದಡದಡ ಬಂದರು.

“ಏನಮ್ಮ ಇದು, ನಾನು ನಿಮ್ಮ ಕೈಕೆಳಗಾ?”

“ನೀವೇ ಒಪ್ಪಿ ಬರ್ಕೊಟ್ಟಿದ್ದೀರಿ ಸಾರ್. ಬೇಕಾದ್ರೆ ಹೆಸರು ತೆಗೀತೀನಿ. ತರಬೇತಿ ಮುಗಿಸಿಲ್ಲ ಅಂತ ಕಾರಣ ಬರೀಬೇಕಾಗುತ್ತೆ. ಬಡ್ತಿ ವಿಷ್ಯ ಮೇಲಿನವರು ಕೇಳಿದ್ರೆ ನೀವೇ ಹೇಳ್ಕೊಳಿ.”

ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ ಮರದ ಕುರ್ಚಿಯ ಮೇಲೆ ಕೂತರು.

“ಎಲ್ಲಿಂದ ಶುರು ಮಾಡ್ಬೇಕು?”

“ಗೋಡೇಲಿ ಕಂಪ್ಯೂಟರ್ ಸ್ವಿಚ್ ಇದೆ ಸಾರ್, ಆನ್ ಮಾಡಿ ನೋಡ್ತಾ ಇರಿ. ನಾನು ಅಮ್ಮಂಗೆ ಊಟ ಮಾಡಿಸಿ ಬರ್ತೀನಿ,” ಎಂದು ಪಟ್ಟಿಯಕ್ಕ ಚಪ್ಪಲಿ ಮೆಟ್ಟಿದಳು.