ಅಂಕಿಯ ಮುಂದಿನ ತಲೆಕಟ್ಟು

ನಾನು ಶಾಲೆಗೆ ಸೇರಿದ್ದು ಹನ್ನೊಂದನೇ ವಯಸ್ಸಿನಲ್ಲಿ. ಬಿ.ಎಸ್ಸಿ. ಮುಗಿಸುವಾಗ ಮೂವತ್ತು ದಾಟಿತ್ತು. ರಾಜಾಜಿನಗರದಲ್ಲಿ ಹೊಸ ಔಷಧಗಳನ್ನು ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿಗೆ ಗಾಜಿನ ಸಾಮಾನು ತೊಳೆಯಲು ಸೇರಿದ್ದವನು, ಡಿಗ್ರಿ ಆದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಇದನ್ನು ಮೊದಲೇ ಹೇಳುತ್ತಿರುವುದು ಕನಿಕರ ಬೇಡಿ ಅಲ್ಲ. ಮುಂದೆ ನಾನು ಮಾಡಿದ್ದಕ್ಕೆಲ್ಲ ಮನಸ್ಸಿನೊಳಗೆ ಇದನ್ನೇ ನೆಪ ಮಾಡಿಕೊಂಡಿದ್ದೆ, ಅದಕ್ಕೆ.

ಕೆಲಸ ಹೀಗೆ. ಕಾಯಿಲೆಗೆ ಕಾರಣವಾಗುವ ಒಂದು ಕಿಣ್ವಕ್ಕೆ ಹೊಸ ಮದ್ದನ್ನು ಎಂಟು ಪ್ರಮಾಣಗಳಲ್ಲಿ, ಕಡಿಮೆಯಿಂದ ಹೆಚ್ಚಿಗೆ, ಸೇರಿಸುತ್ತೇವೆ. ಒಂದೊಂದರಲ್ಲೂ ಕಿಣ್ವ ಎಷ್ಟು ಕೆಲಸ ಮಾಡಿತು ಎಂಬುದನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಎಂಟು ಚುಕ್ಕೆ ಇಟ್ಟು, ಅವುಗಳ ನಡುವೆ ಜಾರುಬಂಡೆಯಂಥ ಗೆರೆ ಎಳೆಯುತ್ತದೆ. ಎಷ್ಟು ಮದ್ದಿಗೆ ಕಿಣ್ವದ ಕೆಲಸ ಅರ್ಧಕ್ಕೆ ಇಳಿಯಿತು ಎಂಬ ಅಂಕಿ ಪಕ್ಕದಲ್ಲಿ ಬರುತ್ತದೆ. ಅಂಕಿ ಸಣ್ಣದಾದಷ್ಟೂ ಮದ್ದು ಜೋರು. ಕಾಪಿ ಮಾಡಿ ಅಂಟಿಸುವುದು ನನಗೆ ಗೊತ್ತಿರಲಿಲ್ಲ. ನೋಡಿಕೊಂಡು, ಒಂದೊಂದೇ ಕೀ ಹುಡುಕಿ, ವರದಿಯಲ್ಲಿ ಟೈಪ್ ಮಾಡುತ್ತಿದ್ದೆ.

ಕೆಲವು ಅಂಕಿಗಳ ಮುಂದೆ ಅಲೆಯಂಥ ಒಂದು ಸಣ್ಣ ಗೀಟು ಬರುತ್ತಿತ್ತು. ನನ್ನ ಕಣ್ಣಿಗೆ ಅದು ನಮ್ಮ ಅಕ್ಷರದ ತಲೆಕಟ್ಟಿನ ಹಾಗೆ ಕಂಡಿತು. ಅವಸರದಲ್ಲಿ ಬರೆಯುವಾಗ ತಲೆಕಟ್ಟು ಬಿಟ್ಟರೂ ಓದುವವರಿಗೆ ತಿಳಿಯುತ್ತದಲ್ಲ, ಇದೂ ಹಾಗೇ ಅಂದುಕೊಂಡೆ. ಕೀಬೋರ್ಡಿನಲ್ಲಿ ಹುಡುಕಿದೆ, ಸಿಗಲಿಲ್ಲ. ಬಿಟ್ಟೆ. ವರ್ಷವಿಡೀ ಬಿಟ್ಟೆ.

ಆ ವರ್ಷ ಲ್ಯಾಬಿಗೆ ಒಬ್ಬ ಕೆಮಿಸ್ಟ್ ಹುಡುಗಿ ಸೇರಿದ್ದಳು. ಮದ್ದು ತಯಾರಿಸುವುದು ಅವಳ ಕೆಲಸ, ಪರೀಕ್ಷೆ ನನ್ನದು. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಮನೆ ಆರ್‌ಪಿಸಿ ಲೇಔಟಿನಲ್ಲಿ. ಕೆಂಗೇರಿಗೆ ಹೋಗಬೇಕಾದ ನನ್ನನ್ನು ಸಂಜೆ ಸ್ಕೂಟರಿನಲ್ಲಿ ವಿಜಯನಗರ ಮೆಟ್ರೋ ತನಕ ಬಿಡುತ್ತಿದ್ದಳು. ಅವಳ ಮೊದಲ ಮದ್ದಿಗೆ ನಾನು ಕೊಟ್ಟ ಅಂಕಿ ಬಹಳ ಸಣ್ಣದಿತ್ತು. ಲ್ಯಾಬಿನ ಮುಖ್ಯಸ್ಥರು ಎಲ್ಲರ ಎದುರು ಅವಳನ್ನು ಹೊಗಳಿದರು. ನನ್ನ ಬೆನ್ನೂ ತಟ್ಟಿದರು. "ಲೇಟಾಗಿ ಓದಿದ್ರೂ ನೀಟಾಗಿ ಓದಿದೀರಿ ಕಣ್ರೀ!"

ಅದೇ ಮದ್ದನ್ನು ಅವಳು ಎರಡನೇ ಸಲ ತಯಾರಿಸಿದಾಗ ಬಂದ ಅಂಕಿ ಹತ್ತು ಪಟ್ಟು ದೊಡ್ಡದು.

"ಏನಮ್ಮಾ, ಮೊದಲ್ನೇ ಸಲ ಲಾಟರಿ ಹೊಡೀತಾ?" ಎಂದರು ಮುಖ್ಯಸ್ಥರು. "ಎಲ್ಲೋ ಕೆಡ್ಸಿದೀಯ. ಇನ್ನೊಂದ್ಸಲ ಮಾಡು. ಈ ಸಲಾನೂ ಸರಿ ಬರ್ಲಿಲ್ಲ ಅಂದ್ರೆ ನಿನ್ನ ಕನ್ಫರ್ಮ್ ಮಾಡೋದು ಕಷ್ಟ ಆಗತ್ತೆ ನೋಡು."

ಅವಳ ಪ್ರೊಬೇಷನ್ ಆ ತಿಂಗಳು ಮುಗಿಯುವುದಿತ್ತು.

ಸೋಮವಾರ ಅವಳು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹಳೆಯ ಗೆರೆಗಳನ್ನು ತೆಗೆಸಿ ನೋಡಿದಳು. "ಅಣ್ಣಾ, ಇದೇನು ನಂಬರ್ ಮುಂದೆ ಎರೆಹುಳದ ಥರ?"

"ಅದಾ? ಏನಿಲ್ಲ, ಡಿಸೈನು" ಎಂದೆ. ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಅವಳು ನಂಬಿದಳು.

ಅವಳು ಎದ್ದು ಹೋದ ಮೇಲೆ ಸಾಫ್ಟ್‌ವೇರಿನ ಸಹಾಯದ ಪುಟ ತೆರೆದೆ. ಇಂಗ್ಲಿಷು ನನಗೆ ನಿಧಾನ. ಮಧ್ಯಾಹ್ನದ ಊಟ ಬಿಟ್ಟು, ಅರ್ಥವಾಗದ ಪದಗಳನ್ನು ಫೋನಿನಲ್ಲಿ ಹುಡುಕಿ ಓದಿದೆ. ಜಾರುಬಂಡೆಯ ಗೆರೆ ಪೂರ್ತಿಯಾಗದೆ ಚುಕ್ಕೆಗಳು ಅರ್ಧ ದಾರಿಯಲ್ಲೇ ನಿಂತರೆ ಸಾಫ್ಟ್‌ವೇರು ಉಳಿದದ್ದನ್ನು ಊಹಿಸುತ್ತದೆ. ಆ ಗೀಟು ಬಂದರೆ, 'ಇದು ನನ್ನ ಊಹೆ, ನಂಬಬೇಡಿ' ಎಂದು ಅರ್ಥ. ಅವಳ ಮದ್ದಿನ ಎರಡೂ ಅಂಕಿಗಳ ಮುಂದೆ ಆ ಗೀಟು ಇತ್ತು. ಎರಡೂ ಬರೀ ಊಹೆ. ಅವಳು ಏನನ್ನೂ ಕೆಡಿಸಿರಲಿಲ್ಲ.

ಎದ್ದು ನಾಲ್ಕು ಹೆಜ್ಜೆ ನಡೆದರೆ ಮುಖ್ಯಸ್ಥರ ಕೋಣೆ. ನಾನು ಏಳಲಿಲ್ಲ. ಮತ್ತೆ ಗಾಜು ತೊಳೆಯಲು ಕಳಿಸಿದರೆ? ಆ ಬೆನ್ನು ತಟ್ಟಿದ ಮಾತು ಎಲ್ಲರೂ ಕೇಳಿದ್ದರಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮಂಗಳವಾರವೂ ಅದನ್ನೇ ಅಂದುಕೊಂಡೆ.

ಅವಳು ಮೂರನೇ ಸಲದ ತಯಾರಿಗೆ ನಿಂತಿದ್ದಳು. ಬುಧವಾರ ಸಂಜೆ ಸ್ಕೂಟರಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ಹೆಲ್ಮೆಟ್ಟಿನೊಳಗಿಂದಲೇ ಕೇಳಿದಳು: "ಅಣ್ಣಾ, ನನ್ ಕೈಗುಣಾನೇ ಸರಿ ಇಲ್ವೇನೋ ಅಲ್ವಾ?"

ಹಿಂದೆ ಕೂತಿದ್ದ ನಾನು "ಹಂಗೇನಿಲ್ಲ ಬಿಡಮ್ಮ" ಎಂದೆ. ಸಿಗ್ನಲ್ಲು ಬಿಟ್ಟಿತು. ಆಗ ಉಳಿದದ್ದನ್ನೂ ಹೇಳಬಹುದಿತ್ತು. ಹಸಿರು ದೀಪ ಬಂದದ್ದಕ್ಕೆ ನನಗೆ ಸಮಾಧಾನವಾಯಿತು.

ಶುಕ್ರವಾರ ಮೂರನೇ ಸಲದ ಮದ್ದನ್ನು ಸಣ್ಣ ಸೀಸೆಯಲ್ಲಿ ತಂದಿಟ್ಟಳು. ಮುಖ ಬಾಡಿತ್ತು. "ಇದೂ ಬರ್ಲಿಲ್ಲ ಅಂದ್ರೆ ಸಾರ್ ಹತ್ರ ನಾನೇ ಹೋಗಿ ತಪ್ಪು ನಂದೇ ಅಂತ ಬರ್ಕೊಟ್ಟು ಕೆಲ್ಸ ಬಿಟ್ಬಿಡ್ತೀನಿ ಅಣ್ಣಾ. ಅವ್ರು ಕಳ್ಸೋಕ್ಕಿಂತ ಅದೇ ವಾಸಿ."

ಅವಳನ್ನು ಕರೆದುಕೊಂಡೇ ಮುಖ್ಯಸ್ಥರ ಕೋಣೆಗೆ ಹೋದೆ. ಗೀಟಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವರ್ಷದ ರಿಪೋರ್ಟೆಲ್ಲಾ ತೆಗೀರಿ. ಒಂದೊಂದೂ ನಾನೇ ನೋಡ್ತೀನಿ" ಎಂದರು. ಆಮೇಲೆ ಅವಳ ಕಡೆ ತಿರುಗಿ, "ನಿನ್ ಕೆಲ್ಸದಲ್ಲಿ ತಪ್ಪಿಲ್ಲ ಬಿಡಮ್ಮ" ಎಂದರು.

ಹೊರಗೆ ಬಂದ ಮೇಲೆ ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಯಾವಾಗ ಗೊತ್ತಾಯ್ತು ಅಣ್ಣಾ ನಿಮ್ಗೆ?"

"ಇವತ್ತು ಬೆಳಿಗ್ಗೆ."

"ಗೊತ್ತಾದ ತಕ್ಷಣ ಹೋಗಿ ಹೇಳಿದ್ರಲ್ಲ, ಬೇರೆಯವ್ರಾಗಿದ್ರೆ ಮುಚ್ಚಾಕ್ತಿದ್ರು" ಎಂದು ಕಣ್ಣೊರೆಸಿಕೊಂಡಳು.

ಅವಳ ಕೆಲಸ ಖಾಯಂ ಆಯಿತು. ನನ್ನನ್ನೂ ಯಾರೂ ಗಾಜು ತೊಳೆಯಲು ಕಳಿಸಲಿಲ್ಲ. ಈಗಲೂ ಲ್ಯಾಬಿಗೆ ಯಾರಾದರೂ ಹೊಸಬರು ಬಂದರೆ ಅವಳೇ ಕರೆತಂದು ನನ್ನನ್ನು ತೋರಿಸುತ್ತಾಳೆ. "ಇವ್ರು ನಮ್ಮಣ್ಣ. ತಪ್ಪಾದ್ರೆ ಅದೇ ದಿನ ಹೇಳೋರು ಅಂದ್ರೆ ಇವ್ರೊಬ್ರೇ." ಹೊಸಬರು ಗೌರವದಿಂದ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.