ಸೂಜಿಗೂ ತಟ್ಟೆಗೂ ನಡುವೆ

ಗಾಜಿನಂಗಡಿಯ ಯಜಮಾನರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಕೂಗಾಡುವವರಲ್ಲ, ಕೈ ಎತ್ತುವವರಂತೂ ಅಲ್ಲವೇ ಅಲ್ಲ. ಅವರ ಅಸ್ತ್ರ ಒಂದೇ: ಊಟದ ತಟ್ಟೆಯನ್ನು ಅತ್ತ ಸರಿಸಿ ಎದ್ದುಹೋಗುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ಇದಕ್ಕೆ ಅಳುತ್ತಿದ್ದಳು. ಆಮೇಲೆ ರೂಢಿಯಾಯಿತು. ಹಸಿವಾದರೆ ತಾವೇ ಬರುತ್ತಾರೆ ಬಿಡು ಎಂದು ತಟ್ಟೆ ಮುಚ್ಚಿಟ್ಟು ಕೆಳಗಿನ ಅಂಗಡಿಗೆ ಇಳಿಯುತ್ತಿದ್ದಳು. ಬೀದಿಯವರಿಗೆ ಅವಳು ಗಾಜಕ್ಕ. ಗಂಡ ಕತ್ತರಿಸಿದ ಗಾಜನ್ನು ಫೋಟೋದ ಚೌಕಟ್ಟಿಗೆ ಕೂರಿಸಿ ಹಿಂದೆ ಮೊಳೆ ಹೊಡೆಯುವುದು ಅವಳ ಪಾಲಿನ ಕೆಲಸ.

ಯಜಮಾನರಿಗೆ ಸಕ್ಕರೆ ಕಾಯಿಲೆ ಜೋರಾಗಿ ಇನ್ಸುಲಿನ್ ಮನೆಗೆ ಬಂದ ಮೇಲೆ ಈ ತಟ್ಟೆಯ ಆಟ ಆಟವಾಗಿ ಉಳಿಯಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಪೆನ್ನಿನಂಥ ಸೂಜಿಯನ್ನು ಗಾಜಕ್ಕನ ಕೈಗಿಟ್ಟು ಬಿಡಿಸಿ ಹೇಳಿದ್ದಳು. "ನೋಡಿ ಅಕ್ಕಾ, ಇದು ಊಟದ ಹೊತ್ತಿಂದು. ಚುಚ್ಚಿದ ಕಾಲು ಗಂಟೆಗೆಲ್ಲ ಕೆಲಸ ಶುರು ಮಾಡುತ್ತೆ. ಒಂದೆರಡು ಗಂಟೆ ಹೊತ್ತಿಗೆ ಅದರ ಜೋರು ಜಾಸ್ತಿ. ಆಮೇಲೆ ಇಳೀತಾ ಇಳೀತಾ ಮೂರು ನಾಲ್ಕು ಗಂಟೆ, ಕೆಲವರಿಗೆ ಐದು ಗಂಟೆವರೆಗೂ ಮೈಯಲ್ಲಿರುತ್ತೆ. ಅದಕ್ಕೇ ತಟ್ಟೆ ಎದುರಿಗೆ ಇಟ್ಕೊಂಡೇ ಚುಚ್ಚಿ. ಚುಚ್ಚಿದ ಮೇಲೆ ಊಟ ತಪ್ಪಿಸೋ ಹಾಗೇ ಇಲ್ಲ. ತಪ್ಪಿಸಿದ್ರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರುತ್ತೆ, ತಲೆ ಮಂಕಾಗುತ್ತೆ, ಆಗ ತಕ್ಷಣ ಸಕ್ಕರೆ ನೀರು ಕುಡಿಸಿ."

"ಅಕಸ್ಮಾತ್ ತಿನ್ನಲ್ಲ ಅಂದ್ರೆ? ವಾಪಸ್ ತೆಗೆಯೋಕೆ ಬರುತ್ತಾ?"

ನರ್ಸಮ್ಮ ನಕ್ಕಳು. ಗಾಜಕ್ಕ ಕೇಳಿದ್ದು ತಮಾಷೆಗಲ್ಲ.

ಯಜಮಾನರೇ ಚುಚ್ಚಿಕೊಳ್ಳಬಹುದಿತ್ತು. ಆದರೆ ಜೀವಮಾನವೆಲ್ಲ ಗಾಜಿನ ಅಂಚಿಗೆ ಬೆರಳು ಕೊಯ್ದುಕೊಂಡರೂ 'ಹಾ' ಎನ್ನದ ಆ ಮನುಷ್ಯ, ಕೂದಲೆಳೆಯಷ್ಟು ಸೂಜಿ ಕಂಡರೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಹೀಗಾಗಿ ಮೂರು ಹೊತ್ತೂ ಗಾಜಕ್ಕನೇ ಬೇಕು. ಒಂದು ಸೂಜಿಯ ಜೋರು ಇಳಿಯಿತೆನ್ನುವಷ್ಟರಲ್ಲಿ ಇನ್ನೊಂದರ ವೇಳೆ. ನಡುವೆ ಮಾರ್ಕೆಟ್ಟಿಗೆ ಹೋಗಿಬರಬಹುದು, ಅಷ್ಟೇ. ಮಗಳ ಮನೆಗೆ ಬಸ್ಸಿನಲ್ಲಿ ಹೋಗುವುದಕ್ಕೇ ಅರ್ಧ ದಿನ ಹಿಡಿಯುತ್ತದೆ.

ಅವಳ ಸಂಕಟವೆಲ್ಲ ಆ ಮಗಳದೇ. ತಾನು ಮೆಚ್ಚಿದವನನ್ನು ಕಟ್ಟಿಕೊಂಡಳೆಂದು, ಈ ಮನೆಯಲ್ಲಿ ಅವಳ ಹೆಸರೆತ್ತಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಈಗ ಅವಳಿಗೊಂದು ಹೆಣ್ಣುಮಗು. ಕಂಡವರ ಮಕ್ಕಳ ಫೋಟೋಗಳಿಗೆಲ್ಲ ಚೌಕಟ್ಟು ಹಾಕುವ ಗಾಜಕ್ಕ ತನ್ನ ಮೊಮ್ಮಗಳನ್ನು ಮಾತ್ರ ಬಚ್ಚಲಲ್ಲಿ ನಿಂತು ಫೋನಿನಲ್ಲಿ ನೋಡಬೇಕಿತ್ತು. ಮಗಳನ್ನು ಒಮ್ಮೆ ಮನೆಗೆ ಕರೆಯೋಣ ಎಂಬ ಒಂದೇ ಒಂದು ಮಾತು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಯಾವಾಗ ಆಡುವುದು? ಊಟಕ್ಕೆ ಮೊದಲು ಆಡಿದರೆ ಅವರು ಕೂರುವುದೇ ಇಲ್ಲ. ಉಂಡ ಮೇಲೆ ಆಡೋಣವೆಂದರೆ ರಾತ್ರಿ ಕೈ ತೊಳೆದವರೇ ಮಲಗುತ್ತಾರೆ, ಹಗಲು ಅಂಗಡಿಗೆ ಇಳಿಯುತ್ತಾರೆ. ಗಿರಾಕಿಗಳ ಎದುರು ಮನೆಮಾತು ತೆಗೆಯುವಂತಿಲ್ಲ. ಚುಚ್ಚಿದ ಮೇಲಂತೂ ದೇವರೇ ಗತಿ. ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಆ ಬೆಳಿಗ್ಗೆ ತಿಂಡಿಯ ತಟ್ಟೆ ಇಟ್ಟಿದ್ದಳು, ಚುಚ್ಚಿಯೂ ಆಗಿತ್ತು. ಆಗಲೇ ಗೂಡಿನಲ್ಲಿದ್ದ ಫೋನು ಬೆಳಗಿ, ಪರದೆಯ ಮೇಲೆ ಬೋಳುತಲೆಯ ಪುಟ್ಟ ಮುಖವೊಂದು ಮೂಡಿತು.

"ಯಾರದು?" ಎಂದರು ಯಜಮಾನರು.

ಪಕ್ಕದ ಮನೆಯದು ಎನ್ನಬಹುದಿತ್ತು. ಸಾಕಾಗಿಹೋಗಿತ್ತು ಅವಳಿಗೆ. "ನಿಮ್ಮ ಮೊಮ್ಮಗಳು."

ತಟ್ಟೆ ಅತ್ತ ಸರಿಯಿತು.

"ರೀ, ಇನ್ಸುಲಿನ್ ಒಳಗೆ ಹೋಗಿದೆ ಕಣ್ರೀ! ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸ್ಕೊಳ್ಳಿ. ನಿಮ್ಮ ದಮ್ಮಯ್ಯ, ತಿಂದುಬಿಡಿ."

"ಸತ್ರೆ ಸಾಯ್ತೀನಿ ಬಿಡು. ಆಮೇಲೆ ಯಾರನ್ನ ಬೇಕಾದ್ರೂ ಕರೆಸ್ಕೋ."

ತಟ್ಟೆ ಹಿಡಿದು ಹಿಂದೆಯೇ ಇಳಿದಳು. ಗಿರಾಕಿಯೊಬ್ಬ ನಿಂತಿದ್ದ, ಅವನ ಎದುರೇ "ಮೇಲಕ್ಕೆ ಹೋಗು" ಎಂದರು. ಬಲವಂತವಾಗಿ ತಿನ್ನಿಸಲು ಅವರೇನು ಕೂಸೇ? ಅವಳು ಮೇಲೆ ಹೋಗಿ ತಟ್ಟೆ ಮುಚ್ಚಿಟ್ಟಳು. ಲೋಟದ ತುಂಬ ಸಕ್ಕರೆ ನೀರು ಕದಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಕಾಣದಂತೆ ಕೂತು ಕಿವಿ ಕೊಟ್ಟಳು. ಗಾಜಿನ ಮೇಲೆ ಕಟರ್ ಎಳೆದಾಗ ಕಿರ್ರೆಂಬ ಸದ್ದು ಅಂಚಿನಿಂದ ಅಂಚಿಗೆ ಒಂದೇ ಉಸಿರಿನಲ್ಲಿ ಹೋಗಬೇಕು. ಗಿರಾಕಿ ಹೋದ. ಹೊತ್ತು ಕಳೆಯಿತು. ಒಮ್ಮೆ ಸದ್ದು ನಡುವೆಯೇ ನಿಂತಿತು. ಮತ್ತೆ ಶುರುವಾಗಿ, ಮತ್ತೆ ನಿಂತಿತು.

ಅವಳು ಓಡಿದಳು. ಯಜಮಾನರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈ ನಡುಗುತ್ತಿತ್ತು, ಗಾಜಿನ ಮೇಲಿನ ಗೆರೆ ಸೊಟ್ಟಗೆ ಓಡಿತ್ತು. ಕಟರ್ ಕಿತ್ತುಕೊಂಡು ಸ್ಟೂಲಿನ ಮೇಲೆ ಕೂರಿಸಿದರೆ ಹೇಳಿದ ಹಾಗೆ ಕೂತರು. ಅವಳನ್ನೇ ನೋಡಿ ಮೆಲ್ಲಗೆ ನಕ್ಕರು. ಎಷ್ಟೋ ವರ್ಷಗಳಿಂದ ಆ ನಗುವನ್ನು ಅವಳು ಕಂಡಿರಲಿಲ್ಲ.

"ಮಗು ಯಾರ ಥರ ಇದೆ ಕಣೇ?"

ಅವಳು ಲೋಟವನ್ನು ಅವರ ತುಟಿಗೆ ಹಿಡಿದಳು. "ನಿಮ್ಮ ಥರಾನೇ. ಮೂಗು ಥೇಟ್ ನಿಮ್ಮದೇ. ಕುಡೀರಿ ಮೊದಲು."

"ಅಯ್ಯೋ ಪಾಪ, ನನ್ನ ಮೂಗಾ?" ಯಜಮಾನರ ಕಣ್ಣು ತುಂಬಿತು. "ಕರ್ಕೊಂಡು ಬರೋಕೆ ಹೇಳು. ನಾನೇನೂ ಬೈಯಲ್ಲ."

"ಹೇಳ್ತೀನಿ. ಕುಡೀರಿ."

ಗುಟುಕು ಗುಟುಕಾಗಿ ಕುಡಿಸಿದಳು. ಹೊತ್ತು ಕಳೆದಂತೆ ಬೆವರು ಆರಿತು. ಕಣ್ಣು ಚುರುಕಾಯಿತು, ಹುಬ್ಬು ಗಂಟಾಯಿತು. ಅವರು ಲೋಟ ನೋಡಿದರು, ಗಾಜು ನೋಡಿದರು.

"ಈ ಗಾಜು ಹಾಳು ಮಾಡಿದ್ದು ಯಾರು?"

"ಈಗ ನೀವೇ ಹೇಳಿದ್ರಲ್ಲ, ಕರ್ಕೊಂಡು ಬರಲಿ ಅಂತ..."

"ಯಾರನ್ನ? ನಾನೇನೂ ಹೇಳಿಲ್ಲ."

ಸುಳ್ಳಾಡುತ್ತಿದ್ದರೆ ಅವಳಿಗೆ ತಿಳಿಯುತ್ತಿತ್ತು. ಸಕ್ಕರೆ ಇಳಿದಾಗ ಆಡಿದ್ದು ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಹೆದರಿದ್ದರೋ ಏನೋ, ಅವಳು ಮತ್ತೆ ತಂದಿಟ್ಟ ತಟ್ಟೆಯನ್ನು ಖಾಲಿ ಮಾಡಿದರು.

ಗಾಜಕ್ಕ ಆಸ್ಪತ್ರೆಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. ತಿನ್ನುತ್ತಾರೋ ಇಲ್ಲವೋ ಎಂಬ ಭರವಸೆಯಿಲ್ಲದವರಿಗೆ ಉಂಡ ತಕ್ಷಣ ಚುಚ್ಚಬಹುದು, ಸಕ್ಕರೆ ಅಷ್ಟು ಚೆನ್ನಾಗಿ ಹಿಡಿತಕ್ಕೆ ಬರದಿದ್ದರೂ ಇಂಥ ಗಂಡಾಂತರ ತಪ್ಪುತ್ತದೆ ಎಂದರು ಡಾಕ್ಟರು. ಅಂದಿನಿಂದ ಮೊದಲು ತಟ್ಟೆ, ಆಮೇಲೆ ಸೂಜಿ. ಒಳ್ಳೆಯದಾಯಿತು ಎಂದರು ಎಲ್ಲರೂ. ಒಳ್ಳೆಯದೇ ಆಯಿತು. ಆ ಬೆವರು, ಆ ನಡುಕ ಮತ್ತೆ ಬರಲಿಲ್ಲ. ಮಗುವನ್ನು ವಿಚಾರಿಸಿದ ಆ ಮನುಷ್ಯರೂ ಮತ್ತೆ ಬರಲಿಲ್ಲ. ಅವರನ್ನು ತಾನೇ ಗುಟುಕು ಗುಟುಕಾಗಿ ಕುಡಿಸಿ ಕಳಿಸಿಬಿಟ್ಟೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ಲೋಟವನ್ನು ಒಂದು ಗಳಿಗೆ ತಡೆದು ಹಿಡಿದಿದ್ದರೆ? ಹಾಗೆ ಯೋಚಿಸಿದ್ದಕ್ಕೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ರಾತ್ರಿಯ ಊಟ ಮುಗಿಯಿತು. ಯಜಮಾನರು ಅಂಗಿ ಎತ್ತಿ ಗೋಡೆಗೆ ಮುಖ ತಿರುಗಿಸಿದರು. ಅವಳು ಸೂಜಿ ಚುಚ್ಚಿ, ಗುಂಡಿ ಒತ್ತಿ, ನರ್ಸಮ್ಮ ಕಲಿಸಿದಂತೆ ಹತ್ತರವರೆಗೆ ಮನಸ್ಸಿನಲ್ಲೇ ಎಣಿಸುತ್ತ ಗಂಡನ ಮೂಗನ್ನೇ ನೋಡಿದಳು.

"ಆಯ್ತಾ?"

"ಆಯ್ತು" ಎಂದಳು ಗಾಜಕ್ಕ.